ಮುಸ್ಸಂಜೆಯ ಚಿತ್ರದಲ್ಲಿ ದೇವಾಲಯವೂ ದೇವಜನರೂ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದೊಡನೆ ಮುಖಪುಟದಲ್ಲಿ ದೇವಾಲಯದ ಚಿತ್ರವಿರಬೇಕೆಂಬುದು ಎಲ್ಲರ ಅಪೇಕ್ಷೆ. ಅದರಲ್ಲಿಯೂ ಹೊಸ ದೇವಾಲಯವನ್ನು ದೀಪ ಬೆಳಗಿದ ಮುಸ್ಸಂಜೆಯಲ್ಲಿ ಸೆರೆಹಿಡಿಯುವುದು ಈಗ ವಾಡಿಕೆಯಾಗಿದೆ. ಅಂತಹ ಚಿತ್ರವು ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ನಮ್ಮ ನಾಡಿನ ಒಂದು ನಿದರ್ಶನದ ಮೂಲಕ ವಿಚಾರಿಸೋಣ.

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಮುಸ್ಸಂಜೆಯ ಚಿತ್ರವನ್ನು ನೋಡದವರು ವಿರಳ. ಜರ್ಮನಿಯ ಕಲೋನ್ ಪ್ರಧಾನಾಲಯವನ್ನು ಆದರ್ಶವಾಗಿಟ್ಟುಕೊಂಡು ಕಟ್ಟಿದ, 175 ಅಡಿ ಎತ್ತರದ ಅವಳಿ ಗೋಪುರಗಳು ಯಾರ ಕಣ್ಣನ್ನಾದರೂ ಸೆಳೆಯುತ್ತವೆ. ಆದರೆ ಆ ಭಕ್ತ ಸಮುದಾಯವು ಈ ಕಟ್ಟಡಕ್ಕಿಂತ ಹಳೆಯದು. 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅಲ್ಲಿ ಚಿಕ್ಕ ದೇವಾಲಯವೊಂದು ನಿರ್ಮಾಣವಾಗಿತ್ತು. 1926ರಲ್ಲಿ ತಂಬುಚೆಟ್ಟಿಯವರು ಸಂತ ಫಿಲೋಮಿನಾರ ಪವಿತ್ರ ಅವಶೇಷವನ್ನು ಪಡೆದು ತಂದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನೂತನ ದೇವಾಲಯಕ್ಕೆ ಅಸ್ತಿವಾರದ ಶಿಲೆಯನ್ನಿಟ್ಟರು. 1941ರಲ್ಲಿ, ರೆನೆ ಫೂಗಾ ಅವರ ಮೇಲ್ವಿಚಾರಣೆಯಲ್ಲಿ, ಕಾರ್ಯ ಪೂರ್ಣಗೊಂಡಿತು. ದೇವಾಲಯ ಬದಲಾಯಿತು, ಅಲ್ಲಿ ಮೊಣಕಾಲೂರಿದ ಜನರ ಪರಂಪರೆ ಕಡಿಯಲಿಲ್ಲ.

ಇನ್ನು ಚಿತ್ರ ತೆಗೆಯುವ ಕ್ರಮವನ್ನು ಗಮನಿಸೋಣ. ಸೂರ್ಯಾಸ್ತದ ಅನಂತರ ಸುಮಾರು ಇಪ್ಪತ್ತು ನಿಮಿಷಗಳ ಕಾಲ ಆಕಾಶದಲ್ಲಿ ನೀಲಿ ಬೆಳಕು ಉಳಿದಿರುತ್ತದೆ. ಆಗ ಅದು ಗೋಡೆಗಳ ದೀಪಗಳೊಡನೆ ಸಮತೂಕಕ್ಕೆ ಬರುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಬೆಳಕು ಸಾಲದ ಕಾರಣ ಅದರ ಕಣ್ಣನ್ನು ಹಲವು ಕ್ಷಣ ತೆರೆದಿಡಬೇಕಾಗುತ್ತದೆ. ಆ ಅವಧಿಯಲ್ಲಿ ಅಲುಗಾಡದ ಕಲ್ಲು ಸ್ಪಷ್ಟವಾಗಿ ಮೂಡುತ್ತದೆ. ನಡೆದುಹೋಗುವ ಜನರೋ ಮಸುಕಾಗುತ್ತಾರೆ, ಇಲ್ಲವೇ ಕಾಣದೆಯೇ ಹೋಗುತ್ತಾರೆ. ಚರಿತ್ರೆಯ ಸತ್ಯವು ಇದಕ್ಕೆ ವಿರುದ್ಧವಾದುದು. ಕಟ್ಟಡಗಳು ಬಂದುಹೋದವು, ಜನರು ಉಳಿದರು.

ನಮ್ಮ ಕಡೆಯೂ ಇದೇ ಮಾತು ಸಲ್ಲುತ್ತದೆ. ಕಲಬುರಗಿ ಧರ್ಮಕ್ಷೇತ್ರವು ಸ್ಥಾಪಿತವಾದುದು 2005ರಲ್ಲಿ. ಅದಕ್ಕೂ ಬಹು ಹಿಂದಿನಿಂದ ಈ ಬಿಸಿಲ ನಾಡಿನಲ್ಲಿ ವಿಶ್ವಾಸಿಗಳು ಜಪಮಾಲೆ ಹಿಡಿದು ಬಾಳಿದ್ದಾರೆ. ತಾವು ಕಲಿತ ಪ್ರಾರ್ಥನೆಯನ್ನು ಮಕ್ಕಳಿಗೆ ಕಲಿಸಿದ್ದಾರೆ. ಅವರಲ್ಲಿ ಅನೇಕರ ಒಂದು ಭಾವಚಿತ್ರವೂ ಇಂದು ಯಾರ ಮನೆಯಲ್ಲಿಯೂ ಇಲ್ಲ. ಇಂದಿನವರಿಗೂ ಆ ಗತಿ ಬಾರದಿರಲಿ.

ಆದುದರಿಂದ ನಮ್ಮದೊಂದು ಬಿನ್ನಹ. ದೇವಾಲಯದ ಮುಸ್ಸಂಜೆಯ ಚಿತ್ರವನ್ನು ತೆಗೆಯುವಾಗ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗಲಿ. ಜನರೆಲ್ಲರೂ ಮೆಟ್ಟಿಲುಗಳ ಮೇಲೆ ನಿಲ್ಲಲಿ. ಅಜ್ಜ ಅಜ್ಜಿಯರು, ಉಪದೇಶಿಗಳು, ಗಾಯನವೃಂದದವರು, ನೆಹರು ಗಂಜಿನಲ್ಲಿ ದಿನವಿಡೀ ಚೀಲ ಹೊತ್ತು ದಣಿದ ಹಮಾಲರು, ಎಲ್ಲರೂ ಬರಲಿ. ಪ್ರಾರ್ಥನೆಗೆ ನಿಂತವರು ಅಲುಗಾಡುವುದಿಲ್ಲವಾದ್ದರಿಂದ ಅವರ ಮುಖಗಳೂ ಕಲ್ಲಿನಷ್ಟೇ ಸ್ಪಷ್ಟವಾಗಿ ಮೂಡುವುವು. ಚಿತ್ರದ ಕೆಳಗೆ ಅವರ ಹೆಸರುಗಳನ್ನು ಬರೆದಿಡಿರಿ; ಮುಂದಿನ ಶತಮಾನದವರು ಗೋಪುರಕ್ಕಿಂತ ಮೊದಲು ತಮ್ಮ ಹಿರಿಯರನ್ನು ಹುಡುಕುವರು.

ಜೀವಂತ ಶಿಲೆಗಳಾದ ನಿಮ್ಮೆಲ್ಲರನ್ನೂ ಪ್ರಭುವು ಆಶೀರ್ವದಿಸಲಿ.