ಕುಂದಗೋಳದ ಅಗಸಿ: 1800ರ ಧೋಂಡಿಯಾ ವಾಘ್ ಕಾಳಗದ ಒಂದು ಮರುಓದು

ಧೋಂಡಿಯಾ ವಾಘನ ಕಾಳಗದ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1800ರ ಸೆಪ್ಟೆಂಬರ್ 10ಕ್ಕೆ ಧಾವಿಸುತ್ತಾರೆ. ಅಂದು ಕೋಣಗಲ್ಲಿನಲ್ಲಿ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಾಗಿ ನುಗ್ಗಿಸಿದ, ಧೋಂಡಿಯಾ ಸತ್ತ. ನನ್ನ ಮಟ್ಟಿಗೆ ಕಾಳಗದ ಗತಿ ಬದಲಾದದ್ದು ಅದಕ್ಕೂ ಎರಡು ತಿಂಗಳು ಮೊದಲು, ಕುಂದಗೋಳದ ಗೋಡೆಗೆ ಕಾಲಾಳುಗಳು ಏಣಿ ಹಾಕಿದಾಗ.

ಚನ್ನಗಿರಿಯ ಧೋಂಡಿಯಾ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದದ್ದು 1799ರ ಮೇ 4ರಂದು ಕೋಟೆ ಬಿದ್ದಾಗ. ಟಿಪ್ಪುವಿನ ಚದುರಿದ ಸವಾರರನ್ನು ಕೂಡಿಸಿ ‘ಉಭಯಲೋಕಾಧೀಶ್ವರ’ ಎನಿಸಿಕೊಂಡ. (ಒಂದೇ ಲೋಕ ಅವನಿಗೆ ಸಾಲಲಿಲ್ಲವೆಂದು ಕಾಣುತ್ತದೆ.) ಎದುರುಬದುರು ನಿಂತು ಕಾದುವುದು ಅವನ ರೀತಿಯಲ್ಲ. 1800ರ ಜೂನ್ 30ರಂದು ಕಿತ್ತೂರು ಸೀಮೆಯಲ್ಲಿ ಹಳ್ಳ ದಾಟುತ್ತಿದ್ದ ಮರಾಠಾ ದಂಡಿನ ಮೇಲೆ ಬಿದ್ದು ಅದರ ಮುಂದಾಳು ಧೋಂಡೋಪಂತ ಗೋಖಲೆಯನ್ನೇ ಕೊಂದ. ಉಳಿದವರು ಹಳಿಯಾಳಕ್ಕೆ ಓಡಿದರು.

ಹರಿಹರದ ಬಳಿ ತುಂಗಭದ್ರೆ ದಾಟಿ ಬಂದ ವೆಲ್ಲೆಸ್ಲಿಗೆ ಹೊಳೆ ದಾಟುವಾಗ ಹೀಗೇ ಸಿಕ್ಕಿಬೀಳುವ ಭಯ. ಮುಂಗಾರು ಹಿಡಿದರೆ ಎರೆನೆಲದಲ್ಲಿ ತೋಪಿನ ಗಾಲಿ ಹೂತುಹೋಗುತ್ತದೆ. ಹೊಳೆಗೆ ಹರಿಗೋಲೇ ಗತಿ. ದಂಡಿಗಿಂತ ಅದರ ಹಿಂದೆ ಕಾಳು ಹೊತ್ತು ಬರುವ ಲಮಾಣಿಗರ ಎತ್ತುಗಳನ್ನು ದಾಟಿಸುವುದು ಕಷ್ಟ. ಆದ್ದರಿಂದ ವರದೆಯ ಕಡವಿನಲ್ಲಿ ಅವನು ದಿನಗಳನ್ನು ಕಳೆದದ್ದನ್ನು ಹಿಂಜರಿಕೆ ಎನ್ನಲಾಗದು. ಹಿಂದಿನ ದಾರಿ ಭದ್ರವಾಗದೆ ಮುಂದಿನ ದಾರಿ ಇರಲಿಲ್ಲ.

ಜುಲೈ 14ರಂದು ಅವನು ಕುಂದಗೋಳ ತಲುಪಿದ. ಒಳಗೆ ಧೋಂಡಿಯಾನ ಸುಮಾರು 600 ಜನರಿದ್ದರು. ದೂರದಿಂದ ನಡೆದು ಬಂದಿದ್ದರೂ ಮುತ್ತಿಗೆ ಹೂಡಿ ಕೂರಲಿಲ್ಲ, ಅದೇ ದಿನ ಏರಿಹೋದ. ಮೊದಲು ಅಗಸಿ ಒಡೆಯಲು ನೋಡಿದರು, ಬಾಗಿಲು ಜಗ್ಗಲಿಲ್ಲ. ಆಮೇಲೆ 73ನೆಯ ರೆಜಿಮೆಂಟಿನ ಗ್ರೆನೇಡಿಯರುಗಳು ಗೋಡೆಗೆ ಏಣಿ ಚಾಚಿ ಹತ್ತಿ ಊರು ಹಿಡಿದರು. ಸೈನಿಕ ಚರಿತ್ರೆಗಳಲ್ಲಿ ಇದಕ್ಕೆ ಒಂದೆರಡು ಸಾಲು ಮಾತ್ರ. ಆದರೆ ಫಲ ನೋಡಿ: ಧೋಂಡಿಯಾನ ಕಡೆಯವರು ಶಿರಹಟ್ಟಿಗೆ ಹಾಕಿದ್ದ ಮುತ್ತಿಗೆ ಸಡಿಲಿತು, ಲಕ್ಷ್ಮೇಶ್ವರ ಬರಿದಾಯಿತು, ಜುಲೈ 26ರಂದು ಡಂಬಳವೂ ಏಣಿಗೇ ಬಿತ್ತು.

ಬಯಲುಸೀಮೆಯ ಕೋಟೆಯೂರುಗಳು ಸವಾರರ ದಂಡಿಗೆ ಬರೀ ಆಸರೆಯಲ್ಲ. ಹಗೇವಿನ ಜೋಳ, ಕುದುರೆಯ ಮೇವು ಸಿಗುತ್ತಿದ್ದದ್ದು ಅಲ್ಲೇ. ಓಡುವವನನ್ನು ಬೆನ್ನಟ್ಟುವುದಕ್ಕಿಂತ ಅವನು ಇಳಿಯುವ ತಾಣಗಳನ್ನು ಕಿತ್ತುಕೊಳ್ಳುವುದು ಮೇಲೆಂಬ ತಂತ್ರ ಇಲ್ಲಿ ಕುದುರಿತು. ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಧೋಂಡಿಯಾನ ಸಾಮಾನುಪಡೆ ಹೊಳೆ ದಾಟಲಾರದೆ ಸಿಕ್ಕಿಬಿತ್ತು. ಎಷ್ಟೋ ಜನ ನೀರುಪಾಲಾದರು. ಜೂನ್ 30ರಂದು ಗೋಖಲೆಗೆ ಒದಗಿದ ಗತಿ ಒಂದೇ ತಿಂಗಳಲ್ಲಿ ಧೋಂಡಿಯಾನ ದಂಡಿಗೂ ಬಂತು.