ದುಬೈಗೆ ವಾಟ್ಸ್‌ಆ್ಯಪ್ ವಿಡಿಯೋ ಕಾಲ್ ಯಾಕೆ ಹೋಗಲ್ಲ? ಏನು ಮಾಡಬೇಕು?

ಭಟ್ಕಳ, ಬೈಂದೂರು, ಕುಂದಾಪುರ ಭಾಗದ ಹಲವರು ದುಬೈ, ಅಬುಧಾಬಿ, ಶಾರ್ಜಾದಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಗೆ ವಾಟ್ಸ್‌ಆ್ಯಪ್ ಮೆಸೇಜ್, ಫೋಟೋ, ವಾಯ್ಸ್ ಮೆಸೇಜ್ ಹೋಗುತ್ತೆ. ಆದ್ರೆ ಕಾಲ್ ಮಾತ್ರ ಕನೆಕ್ಟ್ ಆಗಲ್ಲ. ಇದು ನಿಮ್ಮ ಮೊಬೈಲ್ ತೊಂದರೆ ಅಲ್ಲ. ಯುಎಇಯಲ್ಲಿ ಇಂಟರ್‌ನೆಟ್ ಕರೆಗೆ ಅಲ್ಲಿನ ಸರ್ಕಾರದ ಅನುಮತಿ ಬೇಕು. ವಾಟ್ಸ್‌ಆ್ಯಪ್ ಕರೆಯನ್ನು ಅಲ್ಲಿ ತಡೆಹಿಡಿಯಲಾಗಿದೆ.

ಯಾವ ಆ್ಯಪ್ ಬಳಸಬಹುದು?
ಬೋಟಿಮ್, ಗೋಚಾಟ್, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್‌ಗೆ ಅವಕಾಶವಿದೆ. ಎರಡೂ ಕಡೆಯವರ ಮೊಬೈಲ್‌ನಲ್ಲಿ ಒಂದೇ ಆ್ಯಪ್ ಇರಬೇಕು. ಬೇರೆ ಪ್ಯಾಕ್ ಹಾಕಿಸಬೇಕಾ ಎಂದು ಅಲ್ಲಿರುವವರು ತಮ್ಮ ಸಿಮ್ ಕಂಪನಿಯಲ್ಲಿ ಕೇಳಿಕೊಳ್ಳಲಿ.

ವಿಪಿಎನ್ ಹಾಕಿ ಅನ್ನಬೇಡಿ
ವಿಪಿಎನ್ ಬಳಸಿ ಅಪರಾಧ ಎಸಗಿದರೆ ಯುಎಇಯ 2021ರ ಸೈಬರ್ ಕಾನೂನಿನಡಿ 5 ಲಕ್ಷದಿಂದ 20 ಲಕ್ಷ ದಿರ್ಹಂ ದಂಡ ಅಥವಾ ಜೈಲು, ಇಲ್ಲವೇ ಎರಡೂ ಆಗಬಹುದು. ಸಿಕ್ಕಿಬೀಳೋದು ಅಲ್ಲಿ ದುಡಿಯೋ ಮಗ, ಇಲ್ಲಿ ಕಾಲ್‌ಗೆ ಕಾಯೋರಲ್ಲ.

ಸಮಯ
ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9.30 ಅಂದ್ರೆ ಅಲ್ಲಿ 8 ಗಂಟೆ.

ಒಟಿಪಿ ಜೋಪಾನ
ಹಿರಿಯರಿಗೆ ಅಂಗಡಿಯಲ್ಲಿ ಆ್ಯಪ್ ಹಾಕಿಸುವಾಗ ಒಟಿಪಿಯನ್ನು ಮನೆಯವರೇ ಒತ್ತಲಿ. ಆಮೇಲೆ ಯಾರು ಫೋನ್ ಮಾಡಿ ಕೇಳಿದ್ರೂ ಕೊಡಬೇಡಿ.