ಮೂಸೆಯ ಮಣ್ಣಿನಲ್ಲಿ ಭತ್ತದ ಹೊಟ್ಟು

ಇಂದು ಬೊಂಬೆಗೆ ಹೆಸರಾದ ಚನ್ನಪಟ್ಟಣ ಇನ್ನೂರು ವರ್ಷಗಳ ಹಿಂದೆ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಅದನ್ನು ಬರೆದಿಟ್ಟಿದ್ದಾನೆ. ಮೈಸೂರು ರಾಜ್ಯದ ಕುಲುಮೆಗಳಲ್ಲಿ ಉಕ್ಕು ಮಾಡುವ ರೀತಿಯನ್ನೂ ವಿವರಿಸಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು.

ನಮ್ಮ ಉಕ್ಕಿನ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರ ಡಮಾಸ್ಕಸ್ ಕತ್ತಿಗೆ ಹಾರುತ್ತಾರೆ. ಮೂಸೆಯನ್ನು ಕೇಳುವವರಿಲ್ಲ. ಉಕ್ಕಿನ ಗಟ್ಟಿ ತೆಗೆಯಲು ಅದನ್ನು ಒಡೆಯಲೇಬೇಕಿತ್ತು. ಉಕ್ಕು ಸಂತೆಗೆ, ಚೂರು ತಿಪ್ಪೆಗೆ. ನನಗಂತೂ ಹೆಚ್ಚಿನ ಜಾಣ್ಮೆ ಕಾಣುವುದು ಆ ಚೂರಿನಲ್ಲೇ. ಸಾಧಾರಣ ಮಡಕೆ ಮಣ್ಣು ಅಷ್ಟು ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯ ಮೂಸೆಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟವರಿಗೆ ಕಂಡದ್ದು ಕರಿ ಗೋಡೆ, ಅದರ ತುಂಬ ಭತ್ತದ ಹೊಟ್ಟಿನ ಗುರುತು. ಮಣ್ಣಿಗೆ ಹೊಟ್ಟನ್ನು ಧಾರಾಳವಾಗಿ ಕಲಸಿದ್ದರು.

ಹೊಟ್ಟು ಬೇರೆ ಹುಲ್ಲುಕಡ್ಡಿಯಂತಲ್ಲ. ಸುಟ್ಟರೆ ತೂಕದ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕ. ಹೀಗಾಗಿ ಬೆಂದ ಮೂಸೆಯಲ್ಲಿ ಹೊಟ್ಟಿನ ಆಕಾರದ ತೂತು ಉಳಿದು, ಅದರ ಗೋಡೆಗೆ ಸಿಲಿಕದ ಹಂದರ ನಿಲ್ಲುತ್ತದೆ. ಗಾಳಿ ಸಿಗದ ಕಡೆ ಹೊಟ್ಟು ಪೂರ್ತಿ ಸುಡದೆ ಇದ್ದಿಲಾಗಿ ಗೋಡೆಯಲ್ಲೇ ಕೂರುತ್ತದೆ. ಮೂಸೆ ಕರಿಯಾಗುವುದು ಅದರಿಂದ, ಬಿಸಿ ತಾಳುವುದಕ್ಕೂ ಅದರ ನೆರವಿದೆ. ತೂತುಗಳು ಹಬೆಗೆ ದಾರಿ ಬಿಟ್ಟು ಬಿರುಕು ತಡೆಯುತ್ತವೆ.

ಹೀಗೆ ಸುಟ್ಟುಹೋಗುವ ವಸ್ತುವನ್ನು ಅಚ್ಚಾಗಿಟ್ಟು ತೂತು ಮಾಡುವ ಕೆಲಸ ಈಗ ರಸಾಯನಶಾಸ್ತ್ರದ ದೊಡ್ಡ ಕವಲು. 1992ರಲ್ಲಿ ಅಮೆರಿಕದ ಮೊಬಿಲ್ ಕಂಪನಿಯವರು ಸೋಪಿನಂಥ ಅಣುಗಳ ಗುಂಪಿನ ಸುತ್ತ ಸಿಲಿಕ ಕಟ್ಟಿ, ಆಮೇಲೆ ಅಣುಗಳನ್ನು ಸುಟ್ಟು, ಕೆಲವೇ ನ್ಯಾನೊಮೀಟರ್ ಅಗಲದ ಸಮಾನ ತೂತುಗಳನ್ನು ಪಡೆದರು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲಿ ಇಂಗಾಲದ ನ್ಯಾನೊ ಕೊಳವೆಗಳಿಗೆ ಆಕ್ಸೈಡ್ ಲೇಪಿಸಿ, ಇಂಗಾಲವನ್ನು ಸುಟ್ಟು ಆಕ್ಸೈಡ್ ಕೊಳವೆ ಉಳಿಸಿಕೊಂಡಿತು.

ಹಾಗೆಂದು ಕುಲುಮೆಯವರನ್ನು ನ್ಯಾನೊವಿಜ್ಞಾನಿಗಳೆಂದು ಕೊಂಡಾಡುವುದು ಬೇಡ. ಅವರ ತೂತುಗಳು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು, ಅಡ್ಡಾದಿಡ್ಡಿ. ಪ್ರಯೋಗಾಲಯದವರಿಗೆ ಅಚ್ಚು ಪೂರ್ತಿ ಹೋಗಬೇಕು. ಕುಲುಮೆಯವರಿಗೆ ಅದರ ಇದ್ದಿಲು ಉಳಿದರೇ ಲಾಭ. ಎಷ್ಟು ಮಣ್ಣಿಗೆ ಎಷ್ಟು ಹೊಟ್ಟು ಎಂಬುದು ಮಾತ್ರ ಕೈಯಿಂದ ಕೈಗೆ ಬಂದ ಲೆಕ್ಕ. ವಿದೇಶಿ ಉಕ್ಕು ಬಂದು ಕುಲುಮೆ ಆರಿದ ಮೇಲೆ ಅದನ್ನು ಕೇಳಬೇಕಾದದ್ದು ತಿಪ್ಪೆಯ ಚೂರುಗಳನ್ನೇ.